ವಿಜಯಪುರಕ್ಕೆ ಅಪ್ಪನ ಜೊತೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಲ್ಲ ಮುಗಿಸಿ, ಕೊನೆಗೆ ಅರ್ಧ ದಿನ ಉಳಿದರೆ ವಿಜಯಪುರ. ನಮ್ಮ ಕಡೆಯವರು ಪ್ರವಾಸ ಹೊರಡುವುದೇ ಹೀಗೆ. ಗೋಳಗುಮ್ಮಟ ಹತ್ತುತ್ತಾರೆ, ಒಂದು ಸಲ ಕೂಗುತ್ತಾರೆ, ಪ್ರತಿಧ್ವನಿ ಏಳು ಸಲ ಬಂತಾ ಅಂತ ಎಣಿಸುತ್ತಾರೆ, ಇಳಿದು ಬಸ್ಸು ಹತ್ತುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾನು ನೋಡಿದ್ದೂ ಅಷ್ಟೇ. ಈ ಸಲ ಜನವರಿ ಕೊನೆಯಲ್ಲಿ ಅಪ್ಪನನ್ನು ಕರೆದುಕೊಂಡು, ಬೇರೆ ಯಾವ ಊರನ್ನೂ ಸೇರಿಸದೆ, ಅಲ್ಲಿಗೇ ಹೋಗಿ ಬಂದೆ. ಅಪ್ಪ ತುಮಕೂರು ಕಡೆ ಜೀವನವಿಡೀ ಗಾರೆ ಕೆಲಸ ಮಾಡಿದವರು. ಯಾವುದೇ ಊರಿಗೆ ಹೋದರೂ ಮೊದಲು ಗೋಡೆ ಮುಟ್ಟಿ ನೋಡುತ್ತಾರೆ. ಅಂಥವರ ಜೊತೆ ಈ ಊರು ಸುತ್ತಿದ್ದು ನನ್ನ ಪುಣ್ಯ ಅಂತಲೇ ಹೇಳಬೇಕು.

ಬುಧವಾರ

ಬೆಂಗಳೂರಿನಿಂದ ರಾತ್ರಿ ರೈಲು. ಬಾಗಲಕೋಟೆ ದಾಟುವಾಗ ಎಚ್ಚರವಾಯಿತು. ಆಲಮಟ್ಟಿ ಹತ್ತಿರ ಕೃಷ್ಣೆಯ ಸೇತುವೆ ಮೇಲೆ ಬಂದಾಗ ಬಾಗಿಲ ಬಳಿ ನಿಂತಿದ್ದೆವು. ಗಾಳಿ ಚಳಿಚಳಿಯಾಗಿತ್ತು, ಎರಡೂ ಕಡೆ ನೀರೇ ನೀರು. ಅಲ್ಲಿಂದ ಮುಂದೆ ಎರೆಭೂಮಿ. ಕಪ್ಪು ಮಣ್ಣು, ಅದರ ಮೇಲೆ ಆಳೆತ್ತರದ ಬಿಳಿಜೋಳ, ನಡುವೆ ಅಲ್ಲಲ್ಲಿ ಕಡಲೆ, ಕುಸುಬೆ. ಮರ ಕಡಿಮೆ, ಆಕಾಶ ಜಾಸ್ತಿ. ಊರು ಬರುವ ಮೊದಲೇ ಗುಮ್ಮಟ ಕಾಣಿಸಿತು. ರೈಲು ನಿಲ್ದಾಣದಿಂದ ಅದು ಹತ್ತಿರವೇ ಇದೆ. ಲಗೇಜ್ ಕಡಿಮೆ ಇದ್ದರೆ ನಡೆದೇ ಹೋಗಬಹುದು.

ಲಾಡ್ಜ್‌ನಲ್ಲಿ ನಮ್ಮ ಕೋಣೆ ಇನ್ನೂ ಖಾಲಿ ಆಗಿರಲಿಲ್ಲ. ಬಿಸಿನೀರು ಬೇರೆ ಏಳು ಗಂಟೆಗೆ ನಿಂತುಹೋಗಿತ್ತು. ಬ್ಯಾಗು ಅಲ್ಲೇ ಇಟ್ಟು ಹೊರಗೆ ಬಂದೆವು. ನೇರ ಗೋಳಗುಮ್ಮಟಕ್ಕೆ ಹೋಗೋಣ ಅಂತ ಆಟೋ ಹತ್ತಿದರೆ, ಚಾಲಕ ಗಾಡಿ ಶುರು ಮಾಡಲೇ ಇಲ್ಲ. "ಈಗ ಹೋಗಬ್ಯಾಡ್ರಿ. ಸಾಲಿ ಹುಡುಗ್ರು ಬಂದಾವು, ಒದರ್ತಾವು. ನಿಮಗ ಏನೂ ಕೇಳ್ಸೂದಿಲ್ಲ. ನಾಳೆ ಮುಂಜಾನಿ ಆರಕ್ಕ ಬಾಗಿಲಾ ತೆಗೀತಾರ, ಆವಾಗ ಹೋಗ್ರಿ. ಇವತ್ತ ಇಬ್ರಾಹಿಂ ರೋಜಾ ನೋಡ್ರಿ" ಅಂದರು. ಬಾಡಿಗೆ ಕೈಬಿಟ್ಟು ಒಳ್ಳೆಯ ಮಾತು ಹೇಳುವವರು ಎಷ್ಟು ಜನ ಸಿಗುತ್ತಾರೆ? ಅವರ ನಂಬರ್ ತೆಗೆದುಕೊಂಡೆವು. ಮುಂದೆ ಹೋದಲ್ಲೆಲ್ಲ ಅವರ ಆಟೋವೇ.

ಊಟಕ್ಕೆ ಅವರೇ ಒಂದು ಖಾನಾವಳಿಗೆ ಬಿಟ್ಟರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ ಮೇಲೆ ಮೊಸರು, ಕೆಂಪು ಮೆಣಸಿನಕಾಯಿ ಹಿಂಡಿ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಸವತೆಕಾಯಿ. ಅಪ್ಪ ರಾಗಿ ಮುದ್ದೆಯವರು, ರೊಟ್ಟಿ ಗಟ್ಟಿ ಅಂತ ಮೊದಲು ಹಿಂದೇಟು ಹಾಕಿದರು. ಬಡಿಸುತ್ತಿದ್ದ ಅಜ್ಜಿ ನೋಡಿ, ಮೆತ್ತಗಿನ ಬಿಸಿ ರೊಟ್ಟಿಯನ್ನೇ ಒಲೆಯಿಂದ ನೇರ ತಟ್ಟೆಗೆ ಹಾಕತೊಡಗಿದರು. "ಕಟಿ ರೊಟ್ಟಿ ನಿಮಗ ಬ್ಯಾಡ್ರಿ, ಅದಕ್ಕ ಹಲ್ಲು ಬೇಕು" ಅಂದರು. ಹಿಂಡಿ ಮಾತ್ರ ಚೂರೇ ಚೂರು ಹಾಕಿಸಿಕೊಳ್ಳಿ, ಖಾರ ನಿಧಾನಕ್ಕೆ ಏರುತ್ತದೆ.

ಇಬ್ರಾಹಿಂ ರೋಜಾಕ್ಕೆ ಮಧ್ಯಾಹ್ನ ಮೂರಕ್ಕೆ ಹೋದೆವು. ಜನ ಇರಲಿಲ್ಲ. ಎತ್ತರದ ಒಂದೇ ಕಟ್ಟೆ, ಅದರ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಕೊಳ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು. ಸಂಗೀತ ಅಂದರೆ ಪ್ರಾಣ, ಹಾಡು ಕಟ್ಟುತ್ತಿದ್ದ, ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳಿ ಬರೆದ. ಜನ ಅವನನ್ನು ಜಗದ್ಗುರು ಅಂತ ಕರೆದರು. ಈ ಕಟ್ಟಡ ಶುರುವಾದದ್ದು ಅವನ ರಾಣಿ ತಾಜ್ ಸುಲ್ತಾನಾಳಿಗಾಗಿ. ಅವನೇ ಮೊದಲು ತೀರಿಕೊಂಡು ಇಲ್ಲಿ ಮಲಗಿದ. ನಿಂತು ಕಟ್ಟಿಸಿದವನು ಅವನ ಆಸ್ಥಾನದ ಮಲಿಕ್ ಸಂದಲ್.

ಕಲ್ಲಿನ ಕಿಟಕಿಗಳ ಮುಂದೆ ನಾನು ತುಂಬ ಹೊತ್ತು ನಿಂತೆ. ಹಲಗೆಯಂಥ ಕಲ್ಲನ್ನು ಕೊರೆದು, ಅಕ್ಷರಗಳನ್ನೇ ಜಾಲರಿ ಮಾಡಿದ್ದಾರೆ. ಬೆಳಕು ಆ ಅಕ್ಷರಗಳ ಸಂದಿನಿಂದಲೇ ಒಳಗೆ ಬರಬೇಕು. ಮಸೀದಿಯ ಸೂರಿನಿಂದ ಕಲ್ಲಿನ ಸರಪಳಿಗಳು ಇಳಿಬಿದ್ದಿವೆ. ಅಪ್ಪ ಅದ್ಯಾವುದನ್ನೂ ಜಾಸ್ತಿ ನೋಡಲಿಲ್ಲ. ಗೋರಿಯ ಒಳಕೋಣೆಗೆ ಹೋದವರು ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಕತ್ತೆತ್ತಿ ಚಾವಣಿ ನೋಡುತ್ತಿದ್ದಾರೆ. ಕಲ್ಲುಚಪ್ಪಡಿಯ ಚಾವಣಿ. ಅಂಚುಗಳು ಗೋಡೆಯಿಂದ ಬಾಗಿ ಬರುತ್ತವೆ, ಮಧ್ಯದ ಸುಮಾರು 24 ಅಡಿ ಚದರ ಜಾಗ ಪೂರ್ತಿ ಚಪ್ಪಟೆ. ಕೆಳಗೆ ತೊಲೆ ಇಲ್ಲ, ಕಂಬ ಇಲ್ಲ. ಚಪ್ಪಡಿಗಳು ಅಂಚಿಗೆ ಅಂಚು ತಾಗಿ, ನಡುವಿನ ಗಾರೆಯ ಬಲದಲ್ಲಿ ನಿಂತಿವೆ. "ಇದು ಯಾರಿಗಾದರೂ ಹೇಳಿದರೆ ನಂಬ್ತಾರಾ? ನಾನೇ ನಂಬ್ತಿರಲಿಲ್ಲ" ಅಂದರು. ಅಪ್ಪ ಹುಡುಗರಾಗಿದ್ದಾಗ ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಯುತ್ತಿದ್ದರಂತೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೀರು. ಸಿಮೆಂಟು ಬಂದ ಮೇಲೆ ಗಾಣದ ಕಲ್ಲು ಹಿತ್ತಲಿಗೆ ಬಿತ್ತು. ಆ ವಿಷಯ ಅವರು ನನಗೆ ಅಲ್ಲಿಯವರೆಗೆ ಹೇಳಿರಲೇ ಇಲ್ಲ.

ಸಂಜೆ ಮಲಿಕ್-ಎ-ಮೈದಾನ್ ತೋಪು, ಅಂದರೆ ಫಿರಂಗಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಬಾಯಿ ತೆರೆದ ಸಿಂಹದ ತಲೆ, ಹಲ್ಲುಗಳ ನಡುವೆ ಆನೆ. ಪರಾಂಡ ಕೋಟೆಯಿಂದ ಅದನ್ನು ಇಲ್ಲಿಗೆ ಎಳೆದು ತಂದದ್ದು 1632ರಲ್ಲಿ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಗುಜರಿಗೆ ಹಾಕುವಂತೆ ಹರಾಜು ಕೂಗಿದರು. 150 ರೂಪಾಯಿಗೆ ಹೋಯಿತು. ಪುಣ್ಯಕ್ಕೆ ಆಮೇಲೆ ಮಾರಾಟ ರದ್ದಾಯಿತು. ಬಿಸಿಲು ಇಳಿಯುವ ಹೊತ್ತಲ್ಲೂ ಲೋಹ ತಣ್ಣಗಿತ್ತು.

ಅಲ್ಲಿಂದ ಉಪ್ಪಲಿ ಬುರುಜು ಸಮೀಪ. 80 ಅಡಿ ಎತ್ತರದ ದುಂಡು ಗೋಪುರ, ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಬರಿಗಾಲಲ್ಲೇ ಹತ್ತಿದೆ. ಮೇಲೆ ಎರಡು ಉದ್ದನೆಯ ತೋಪುಗಳಿವೆ, ದೊಡ್ಡದು 30 ಅಡಿಗಿಂತ ಜಾಸ್ತಿ. ಅಲ್ಲಿಂದ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಹೊಸ ಮನೆಗಳ ನಡುವೆ ಎಲ್ಲೆಂದರಲ್ಲಿ ಗುಮ್ಮಟ, ಕಮಾನು, ಕೋಟೆಯ ತುಂಡು, ದೂರದಲ್ಲಿ ಗೋಳಗುಮ್ಮಟ. ನಾಳೆ ಎಲ್ಲೆಲ್ಲಿ ಹೋಗಬೇಕು ಅಂತ ಅಲ್ಲೇ ನಿಂತು ತೀರ್ಮಾನಿಸಿದೆವು. ಮೊದಲ ಸಂಜೆ ಇಲ್ಲಿಗೆ ಬರುವುದು ಒಳ್ಳೆಯದು, ಊರಿನ ದಿಕ್ಕು ತಲೆಗೆ ಹತ್ತುತ್ತದೆ. ಕೆಳಗೆ ಚಪ್ಪಲಿ ಹೊಲಿಯುವವರು ಸಿಕ್ಕರು. ಹೊಲಿಯುತ್ತಲೇ "ಎಲ್ಲಿಂದ ಬಂದೀರಿ, ಊಟ ಆತೇನ್ರಿ, ಇವರು ನಿಮ್ಮ ತಂದೀನ?" ಅಂತ ಎಲ್ಲ ವಿಚಾರಿಸಿದರು.

ಗುರುವಾರ

ಬೆಳಗ್ಗೆ ಆರಕ್ಕೆ ಗೋಳಗುಮ್ಮಟದ ಗೇಟು. ಇನ್ನೂ ಕತ್ತಲೆ, ಬಾಯಿಂದ ಹೊಗೆ ಬರುವಷ್ಟು ಚಳಿ. ಸ್ವೆಟರ್ ತನ್ನಿ, ಹತ್ತು ಗಂಟೆಗೆ ಅದನ್ನು ಬ್ಯಾಗಿಗೆ ಹಾಕುವಷ್ಟು ಬಿಸಿಲು ಬರುತ್ತದೆ. ಊರಿನವರು ಕೆಲವರು ತೋಟದಲ್ಲಿ ವಾಕಿಂಗ್ ಮಾಡುತ್ತಿದ್ದರು. ಪ್ರವಾಸಿಗರು ನಾವಿಬ್ಬರೇ.

ಮೊಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದ. ಅವನ ಗೋರಿ ಇದು. ಹತ್ತಿರ ಹೋದಾಗ ಗುಮ್ಮಟ ಕಾಣುವುದೇ ಇಲ್ಲ, ಗೋಡೆ ಮಾತ್ರ. ಒಳಗೆ ಕಾಲಿಟ್ಟರೆ ಒಂದೇ ಹಾಲ್, ಪ್ರತಿ ಬದಿ ಸುಮಾರು 41 ಮೀಟರ್. ನಡುವೆ ಎತ್ತರದ ಕಟ್ಟೆ, ಮರದ ಚಪ್ಪರದ ಕೆಳಗೆ ಸುಲ್ತಾನ ಮತ್ತು ಅವನ ಮನೆಯವರ ಗೋರಿಗಳ ಗುರುತು. ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ. ಅಷ್ಟು ದೊಡ್ಡ ಜಾಗದಲ್ಲಿ ಒಂದೂ ಕಂಬ ಇಲ್ಲ.

ಅಪ್ಪ ಕಟ್ಟೆಯ ಪಕ್ಕ ಕೂತು, ನೆಲದ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ಒಂದು ಚೌಕ. ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ. "ನೋಡು, ಎಂಟು ಕಮಾನು ಒಂದನ್ನೊಂದು ಕತ್ತರಿಸ್ತಾ ಇವೆ. ಕೆಳಗೆ ನಾಲ್ಕು ಮೂಲೆ, ಮೇಲೆ ಹೋಗೋ ಹೊತ್ತಿಗೆ ಎಂಟು ಮೂಲೆ. ಎಂಟು ಮೂಲೆ ಮೇಲೆ ದುಂಡು ಕೂರಿಸೋದು ಸುಲಭ." ಗೋಡೆ ಸುಮಾರು 3 ಮೀಟರ್ ದಪ್ಪ ಇದೆ. ಆದರೂ ಗುಮ್ಮಟದ ಭಾರ ಗೋಡೆಯನ್ನು ಹೊರಗೆ ತಳ್ಳಬೇಕಲ್ವಾ? ಆ ಕಮಾನುಗಳು ಒಳಗಡೆಗೆ ಬಾಗಿಕೊಂಡು ಬಂದಿವೆ. ಅವುಗಳ ತೂಕ ಒಳಗೆ ಎಳೆಯುತ್ತದೆ, ಗುಮ್ಮಟ ಹೊರಗೆ ತಳ್ಳುತ್ತದೆ, ಎರಡೂ ಸರಿಹೋಗುತ್ತವೆ. ಪುಸ್ತಕದಲ್ಲಿ ಓದಿದಾಗ ನನಗೆ ಇದು ತಲೆಗೆ ಹೋಗಿರಲಿಲ್ಲ. ಧೂಳಿನ ಮೇಲಿನ ಎರಡು ಚೌಕದಲ್ಲಿ ಒಂದೇ ನಿಮಿಷಕ್ಕೆ ಅರ್ಥವಾಯಿತು.

ಹತ್ತಲು ಮೂಲೆಯ ಗೋಪುರದೊಳಗೆ ಮೆಟ್ಟಿಲಿವೆ. ಏಳು ಅಂತಸ್ತು, ಮೆಟ್ಟಿಲು ಕಡಿದಾಗಿವೆ, ಜಾಗ ಇಕ್ಕಟ್ಟು. ಮಂಡಿ ನೋವಿದ್ದವರು ಪ್ರತಿ ಅಂತಸ್ತಿನ ಕಿಟಕಿಯ ಬಳಿ ಕೂತು ಹೋಗಬಹುದು. ಅಪ್ಪ ಹಾಗೇ ಹತ್ತಿದರು. ಬೆಳಗ್ಗೆ ಬೇಗ ಹೋದರೆ ಹಿಂದಿನಿಂದ ತಳ್ಳುವವರು ಯಾರೂ ಇರುವುದಿಲ್ಲ, ಅದೇ ದೊಡ್ಡ ಅನುಕೂಲ. ಮೇಲೆ ಬಂದಾಗ ಸೂರ್ಯ ಹುಟ್ಟುತ್ತಿದ್ದ. ಗುಮ್ಮಟದ ಬುಡದಲ್ಲಿ ಸುತ್ತಲೂ ಗಾರೆಯಲ್ಲಿ ಮಾಡಿದ ದೊಡ್ಡ ದೊಡ್ಡ ತಾವರೆ ಎಸಳು. ಕೆಳಗಿನಿಂದ ಅವು ಸಣ್ಣ ಅಲಂಕಾರದಂತೆ ಕಾಣುತ್ತವೆ, ಪಕ್ಕದಲ್ಲಿ ನಿಂತರೆ ನಮಗಿಂತ ಎತ್ತರ.

ಪಿಸುಗುಟ್ಟುವ ಗ್ಯಾಲರಿಗೆ ಗುಮ್ಮಟದ ದಪ್ಪವನ್ನೇ ತೂರಿಕೊಂಡು ಸಣ್ಣ ಬಾಗಿಲಿದೆ. ಗೋಡೆಗೆ ಅಂಟಿ ಸುಮಾರು 11 ಅಡಿ ಅಗಲದ ಹಾದಿ, ಕೆಳಗೆ ಪ್ರಪಾತ. ಗುಮ್ಮಟದ ಹೊರಗಿನ ವ್ಯಾಸ 44 ಮೀಟರ್, ಒಳಗಿನದು ಸುಮಾರು 38. ನಾನು ಒಂದು ಕಡೆ ಕೂತೆ, ಅಪ್ಪ ನಿಧಾನಕ್ಕೆ ನಡೆದು ಎದುರುಗಡೆ ಹೋದರು. ಅವರ ಚಪ್ಪಲಿ ಸಪ್ಪಳ ಹತ್ತು ಜನ ನಡೆದಂತೆ ಕೇಳಿಸಿತು. ಎದುರು ಗೋಡೆಯ ಬಳಿ ಅವರು ಬೆರಳಷ್ಟು ಕಾಣುತ್ತಿದ್ದರು. ಆಮೇಲೆ ಕಿವಿಯ ಪಕ್ಕದಲ್ಲೇ ಅವರ ದನಿ: "ಇದಕ್ಕೆ ಸೆಂಟ್ರಿಂಗ್ ಹೆಂಗೆ ಕೊಟ್ರೋ, ಮಾರಾಯ." ನನಗೆ ಹೇಳಿದ್ದಲ್ಲ, ತಮ್ಮಷ್ಟಕ್ಕೆ ಅಂದುಕೊಂಡದ್ದು. ನಾನು ಉತ್ತರ ಕೊಟ್ಟಾಗ ಬೆಚ್ಚಿ ಹಿಂದೆ ತಿರುಗಿ ನೋಡಿದರು. ಆಮೇಲೆ ನಾವು ಗೋಡೆಗೆ ಕಿವಿಕೊಟ್ಟು, ಎದುರುಬದುರು ಕೂತು, ಮನೆಯಲ್ಲಿ ಮಾತಾಡುವುದಕ್ಕಿಂತ ಮೆಲ್ಲಗೆ ತುಂಬ ಹೊತ್ತು ಮಾತಾಡಿದೆವು. ಗುಮ್ಮಟ ಇಟ್ಟಿಗೆಯದು, ಇಟ್ಟಿಗೆಗಳನ್ನು ಅಡ್ಡಡ್ಡ ಸಾಲಿನಲ್ಲಿಟ್ಟು ನಡುವೆ ದಪ್ಪಗೆ ಸುಣ್ಣದ ಗಾರೆ ತುಂಬಿದ್ದಾರೆ. ಬುಡದಲ್ಲಿ ದಪ್ಪ 10 ಅಡಿ. ಒಂದು ಸುತ್ತು ಗಟ್ಟಿಯಾಗುವವರೆಗೆ ಕಾದು, ಅದರ ಮೇಲೆ ನಿಂತು ಮುಂದಿನ ಸುತ್ತು ಕಟ್ಟಿರಬೇಕು ಅನ್ನುವುದು ಅಪ್ಪನ ಲೆಕ್ಕ. "ಗಾರೆಗೆ ಅವಸರ ಆಗಲ್ಲ. ಅವಸರ ಮಾಡಿದ್ರೆ ಇಷ್ಟು ವರ್ಷ ನಿಲ್ತಿರಲಿಲ್ಲ."

ಎಂಟೂವರೆಗೆ ಕೆಳಗೆ ಬಸ್ಸುಗಳು ಬಂದವು. ಮೆಟ್ಟಿಲಲ್ಲಿ ಮಕ್ಕಳ ಗುಂಪು ಎದುರಾಯಿತು. ಒಳಗೆ ಹೋದವರೇ ಶುರು ಮಾಡಿದರು, ಓ ಅಂತ ಒಂದು ಕೂಗಿಗೆ ಹತ್ತು ಓ. ಮಕ್ಕಳು ಕೂಗಲಿ, ಅವರ ಖುಷಿ ಅದು. ಬೇಸರವಾದದ್ದು ಗ್ಯಾಲರಿ ಗೋಡೆಯ ಮೇಲೆ ಗೀಚಿದ ಹೆಸರುಗಳನ್ನು ನೋಡಿ. 1656ರ ಹೊತ್ತಿನ ಕಟ್ಟಡ ಅದು. ಅಪ್ಪ ಒಂದು ಗೀಚಿನ ಮೇಲೆ ಬೆರಳಾಡಿಸಿ, "ಮುಚ್ಚೋಕೂ ಇಂಥದೇ ಗಾರೆ ಬೇಕು, ಎಲ್ಲಿಂದ ತರೋದು" ಅಂದರು.

ಎದುರಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, 1892ರದು. ಹತ್ತಕ್ಕೆ ತೆಗೆಯುತ್ತಾರೆ, ಶುಕ್ರವಾರ ರಜೆ. ಅಲ್ಲಿಯವರೆಗೆ ಹೊರಗೆ ಚಹಾ, ಬಿಸಿ ಮಿರ್ಚಿ, ಸೂಸಲ. ಒಳಗೆ ಹಳೆಯ ರತ್ನಗಂಬಳಿಗಳು, ಹಸ್ತಪ್ರತಿಗಳು, ಚೀನಾದ ಪಿಂಗಾಣಿ, ಶಾಸನಗಳು. ಗಂಬಳಿಗಳ ಬಣ್ಣ ಇನ್ನೂ ಉಳಿದಿದೆ.

ಜಾಮಿ ಮಸೀದಿಗೂ ಅಂದೇ ಹೋದೆವು, ಮಾರನೇ ದಿನ ಶುಕ್ರವಾರ, ಮಧ್ಯಾಹ್ನ ನಮಾಜಿನ ಹೊತ್ತು ಅಂತ. ಮೊದಲನೇ ಅಲಿ ಆದಿಲ್ ಶಾಹ ಶುರು ಮಾಡಿಸಿದ್ದು. 1565ರಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಅವನೂ ಒಬ್ಬ. ಹಂಪಿಯನ್ನು ನೋಡಿದ ಯಾರಿಗೂ ಆ ಮಾತು ಇಲ್ಲಿ ನೆನಪಾಗದೆ ಇರುವುದಿಲ್ಲ. ನನಗೂ ಆಯಿತು, ಸ್ವಲ್ಪ ಹೊತ್ತು ಮನಸ್ಸು ಭಾರವಾಯಿತು. ಆದರೆ ಬಿಳಿ ಕಮಾನುಗಳ ಸಾಲಿನೊಳಗೆ ಕೂತಿದ್ದಾಗ, ಗುಡಿಸುತ್ತಿದ್ದ ಹಿರಿಯರೊಬ್ಬರು ಬಂದು ಅಪ್ಪನಿಗೆ ನೆಲ ತಣ್ಣಗಿದೆ ಅಂತ ಚಾಪೆ ಕೊಟ್ಟರು. ನೆಲದ ಮೇಲೆ ನಮಾಜಿಗೆ ಒಬ್ಬೊಬ್ಬರಿಗೆ ಒಂದರಂತೆ ಗೆರೆ ಎಳೆದ 2250 ಚೌಕಗಳಿವೆ, ಅವನ್ನು ಮಾಡಿಸಿದ್ದು ಔರಂಗಜೇಬ ಅಂತ ಅವರೇ ಹೇಳಿದರು.

ಸಂಜೆ ಗಗನ ಮಹಲು. 1561ರ ಅರಮನೆ. ಉಳಿದಿರುವುದು ಮುಖ್ಯವಾಗಿ ಎದುರಿನ ಮೂರು ಕಮಾನು. ನಡುವಿನದು ಸುಮಾರು 18 ಮೀಟರ್ ಅಗಲ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಇಲ್ಲೇ ಔರಂಗಜೇಬನಿಗೆ ಶರಣಾದ, ಬೆಳ್ಳಿಯ ಸರಪಳಿ ಹಾಕಿ ಕರೆತಂದಿದ್ದರು ಅಂತ ಹೇಳುತ್ತಾರೆ. ಈಗ ಅದೇ ಜಾಗದಲ್ಲಿ ಹುಲ್ಲಿನ ಮೇಲೆ ಅಜ್ಜಂದಿರು ಹರಟೆ ಹೊಡೆಯುತ್ತಾರೆ. ಕತ್ತಲಾಗುವ ಮುಂಚೆ ಬಾರಾ ಕಮಾನಿಗೂ ಹೋದೆವು. ಎರಡನೇ ಅಲಿಯ ಗೋರಿ, ಪೂರ್ತಿಯಾಗಲೇ ಇಲ್ಲ. ಚಾವಣಿ ಇಲ್ಲದ ಕಪ್ಪು ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ. ಅಪ್ಪನಿಗೆ ಗೋಳಗುಮ್ಮಟಕ್ಕಿಂತ ಇದು ಉಪಯೋಗಕ್ಕೆ ಬಂತು: ಕಟ್ಟಡ ಅರ್ಧಕ್ಕೆ ನಿಂತಿರುವುದರಿಂದ ಕಮಾನಿನ ಕಲ್ಲು ಹೇಗೆ ಜೋಡಿಸಿದರು ಅನ್ನುವುದು ಬಿಚ್ಚಿಟ್ಟಂತೆ ಕಾಣುತ್ತದೆ.

ಶುಕ್ರವಾರ

ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು? ಹಿಂದಿನ ರಾತ್ರಿ ಅಪ್ಪ ಕೇಳಿದ ಪ್ರಶ್ನೆ. ಮಳೆ ಕಡಿಮೆ, ಪಕ್ಕದಲ್ಲಿ ನದಿ ಇಲ್ಲ, ಕೋಟೆಯ ಸುತ್ತಳತೆ ಮಾತ್ರ ಹತ್ತು ಕಿಲೋಮೀಟರ್. ಹಾಗಾಗಿ ಕೊನೆಯ ದಿನವನ್ನು ನೀರಿಗೇ ಕೊಟ್ಟೆವು. ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಮೊದಲು ತಾಜ್ ಬಾವಡಿ. 1620ರಲ್ಲಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಊರ ನಡುವೆ, ದೊಡ್ಡ ಕಮಾನಿನ ಕೆಳಗಿನಿಂದ ಮೆಟ್ಟಿಲಿಳಿದರೆ ಚೌಕಾಕಾರದ ಕೊಳ. ಕೆಲವು ವರ್ಷಗಳ ಹಿಂದೆ ಹೂಳು ತೆಗೆಸಿದ್ದಾರೆ. ನೀರಿದೆ, ಆದರೆ ಮೂಲೆಗಳಲ್ಲಿ ಮತ್ತೆ ಪ್ಲಾಸ್ಟಿಕ್ ಬಂದು ಸೇರಿದೆ.

ಅಲ್ಲಿಂದ ತೊರವಿ ರಸ್ತೆ. ಊರು ದಾಟಿದ ಸ್ವಲ್ಪ ಹೊತ್ತಿಗೆ ಆಟೋ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಚಾಲಕ ಟೈರು ಹಿಡಿದು ಬೈಕ್ ಒಂದರ ಹಿಂದೆ ಕೂತು ಹೋದರು. ನಾವು ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತಿದ್ದೆವು. ಪಕ್ಕದ ಹೊಲದಿಂದ ಹೊಗೆ, ಜೊತೆಗೆ ಸುಟ್ಟ ಜೋಳದ ವಾಸನೆ. "ಬಿಸಿಲಾಗ ಯಾಕ ನಿಂತೀರಿ, ಬರ್ರಿ ಒಳಗ" ಅಂತ ಹೊಲದವರು ಕರೆದರು.

ಸೀತನಿ ಸುಡುತ್ತಿದ್ದರು! ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಗೋಣಿತಟ್ಟಿನ ಮೇಲೆ ಉಜ್ಜಿ ಕಾಳು ಬಿಡಿಸುತ್ತಾರೆ. ಹಸಿರು ಕಾಳು, ಮೆತ್ತಗೆ, ಸಿಹಿ. ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಬೆಲ್ಲ, ಮೇಲೆ ಮಜ್ಜಿಗೆ. ಇದು ಜನವರಿ ಹೊತ್ತಿಗೆ ಕೆಲವೇ ವಾರ ಸಿಗುವ ತಿಂಡಿ, ಹೋಟೆಲಿನಲ್ಲಿ ಕೇಳಿದರೆ ಸಿಗುವುದಿಲ್ಲ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಮಾತನ್ನು ಆ ಹೊಲದ ಅಜ್ಜ ಹೇಳಿದರು. ಡೋಣಿ ನದಿಯ ದಂಡೆಯಲ್ಲಿ ಬೆಳೆ ಬಂದರೆ ಬೀದಿಯೆಲ್ಲ ಜೋಳ. ಆಮೇಲೆ ದ್ರಾಕ್ಷಿ ಹಾಕಿದವರ ಸಾಲ, ಬೋರ್‌ವೆಲ್ ಆಳಕ್ಕೆ ಹೋಗುತ್ತಿರುವುದು, ಕಾಲುವೆ ನೀರು, ಎಲ್ಲ ಮಾತಿಗೆ ಬಂತು. ಅಪ್ಪ ಮತ್ತು ಅಜ್ಜನ ಕನ್ನಡ ಎರಡೂ ಬೇರೆ ಬೇರೆ ಧಾಟಿ. ಒಬ್ಬರ ಮಾತು ಇನ್ನೊಬ್ಬರಿಗೆ ಎಲ್ಲೂ ತಡೆಯಲಿಲ್ಲ. ದುಡ್ಡು ಕೊಡಹೋದರೆ ಅಜ್ಜ ಸಿಟ್ಟಾದರು.

ನೀರಿನ ಪ್ರಶ್ನೆಗೆ ಉತ್ತರ ತೋರಿಸಿದವರೂ ಅವರೇ. ಟೈರು ಬಂದ ಮೇಲೆ ನಮ್ಮ ಜೊತೆ ಆಟೋ ಹತ್ತಿ ಸುರಂಗ ಬಾವಡಿಯವರೆಗೆ ಬಂದರು. ತೊರವಿಯ ಬಳಿ ಅಂತರ್ಜಲವನ್ನು ಹಿಡಿದು, ನೆಲದೊಳಗೆ ಸುರಂಗ ತೋಡಿ, ತುಸುತುಸುವೇ ಇಳಿಜಾರು ಕೊಟ್ಟು, ನೀರನ್ನು ಊರಿಗೆ ಹರಿಸಿದ್ದರು. ಕರೇಜ್ ಅಂತ ಇದರ ಹೆಸರು, ಪರ್ಷಿಯಾದ ವಿದ್ಯೆ. ದಾರಿಯುದ್ದಕ್ಕೂ ಬಾವಿಯಂಥ ತೂತುಗಳು: ಗಾಳಿ ಆಡಲು, ಇಳಿದು ಹೂಳು ತೆಗೆಯಲು, ನೀರು ಸೇದಲು. ಪಂಪು ಬೇಡ, ಇಳಿಜಾರು ಸಾಕು. ಊರೊಳಗೆ ಮಣ್ಣಿನ ಕೊಳವೆಗಳು, ಅವುಗಳ ಒತ್ತಡ ತಗ್ಗಿಸಲು ಗಂಜ್ ಅನ್ನುವ ನೀರಿನ ಗೋಪುರಗಳು. ಅಂಥ ಗೋಪುರಗಳು ಇಂದಿಗೂ ಓಣಿಗಳಲ್ಲಿ ನಿಂತಿವೆ. ಬುಧವಾರ ಅವುಗಳ ಪಕ್ಕದಲ್ಲೇ ಓಡಾಡಿದ್ದೆವು. ಕಾಪಾಡಬೇಕಾದ ಜಗತ್ತಿನ ಸ್ಮಾರಕಗಳ 2020ರ ಪಟ್ಟಿಯಲ್ಲಿ, ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಅಂತ ಅದರ ಹೆಸರು, ಸುರಂಗ ಬಾವಡಿ ಸೇರಿತ್ತು. ಆದರೂ ಗೋಳಗುಮ್ಮಟಕ್ಕೆ ಬರುವ ಜನರಲ್ಲಿ ನೂರಕ್ಕೆ ಒಬ್ಬರಾದರೂ ಇಲ್ಲಿಗೆ ಬರಲಿ ಅಂತ ನನ್ನಾಸೆ. ಆ ಗುಮ್ಮಟದ ಗಾರೆ ಕಲಸಿದ್ದೂ ನೀರಿನಿಂದಲೇ ಅಲ್ವಾ?

ಹತ್ತಿರದಲ್ಲೇ ಸಂಗೀತ ಮಹಲು. ಇಬ್ರಾಹಿಂ 1599ರಲ್ಲಿ ನವರಸಪುರ ಅಂತ ಹೊಸ ಊರನ್ನೇ ಕಟ್ಟಲು ಹೊರಟಿದ್ದ, ಈ ಮಹಲು ಆ ಊರಿನದೇ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಆ ಊರನ್ನು ಹಾಳು ಮಾಡಿದ. ತೊರವಿಯ ನರಸಿಂಹನ ಗುಡಿಗೂ ಹೋದೆವು. ಕುಮಾರ ವಾಲ್ಮೀಕಿ ಈ ನರಸಿಂಹನ ಅಂಕಿತದಲ್ಲೇ ಕನ್ನಡದ ತೊರವೆ ರಾಮಾಯಣ ಬರೆದದ್ದು. ಸುಲ್ತಾನನ ಹಾಡಿನ ಊರು, ಕನ್ನಡದ ರಾಮಾಯಣದ ಊರು, ಎರಡೂ ಒಂದೇ ರಸ್ತೆಯಲ್ಲಿ.

ಸಂಜೆ ರೈಲಿಗೆ ಮುಂಚೆ ಮಾರುಕಟ್ಟೆಗೆ ಹೋಗಿ ಒಣದ್ರಾಕ್ಷಿ, ಇಂಡಿಯ ಲಿಂಬೆಹಣ್ಣು, ಗುರೆಳ್ಳು ಚಟ್ನಿಪುಡಿ ಕೊಂಡೆವು. ಮಾಲದಂಡಿ ಜೋಳವನ್ನೂ ಕೇಳಿದೆವು. ಅಂಗಡಿಯವರು ಹಳೆಯ ಜೋಳ ತೋರಿಸಿ, "ಹೊಸಾದು ಬೇಕಂದ್ರ ಶಿವರಾತ್ರಿ ದಾಟಲಿ" ಅಂದರು. ರಾಶಿ ಆದ ಮೇಲೆ ಒಂದು ಚೀಲ ಕಳಿಸುವುದಾಗಿ ಆಟೋ ಚಾಲಕರು ಒಪ್ಪಿಕೊಂಡಿದ್ದಾರೆ. ಅಸರ್ ಮಹಲು, ಜೋಡ ಗುಮ್ಮಟ, ಬೇಗಂ ತಲಾಬು ನೋಡಲಾಗಲಿಲ್ಲ. ಬೇಗಂ ತಲಾಬಿನಿಂದ ಊರಿಗೆ ಬರುವ ಕೊಳವೆಗಳನ್ನು ನೋಡಲೇಬೇಕು ಅಂತ ಅಪ್ಪ ರೈಲಿನಲ್ಲೇ ಹಟ ಹಿಡಿದರು. ಮಳೆಗಾಲ ಮುಗಿದು ಕೆರೆ ತುಂಬಿರುವಾಗ, ಅಕ್ಟೋಬರ್ ಹೊತ್ತಿಗೆ ಮತ್ತೆ ಹೋಗುವುದು ಅಂತ ನಿಶ್ಚಯಿಸಿದ್ದೇವೆ.